ಮನೆ ಹೊರಗಿನ ಚೇಂಬರ್ ಕಟ್ಟಿಕೊಂಡರೆ ಯಾವುದು ವಾಸಿ: ರಾಡೋ, ದಬ್ಬೆಯೋ, ಸ್ಪ್ರಿಂಗೋ, ಜೆಟ್ಟೋ, ಪುಡಿಯೋ?

ಮೊದಲೇ ಹೇಳಿಬಿಡುತ್ತೇನೆ. ಮನೆ ಪಕ್ಕದ ಓಣಿಯಲ್ಲಿ ಹಾದುಹೋಗುವ 4 ಇಂಚಿನ ಸ್ಯಾನಿಟರಿ ಲೈನು, ಅಂದರೆ ಚೇಂಬರ್ ಎನ್ನುವ ಮುಚ್ಚಳದ ಗುಂಡಿಗಳನ್ನು ಜೋಡಿಸುವ ಕೊಳಚೆ ಪೈಪು, ಕಟ್ಟಿಕೊಂಡರೆ ನನ್ನ ಓಟು ಜೋಡಿಸುವ ಡ್ರೈನ್ ರಾಡಿಗೆ. ಒಂದೊಂದು ಮೀಟರಿನ ಹತ್ತು ಪ್ಲಾಸ್ಟಿಕ್ ರಾಡು, ಎರಡೂ ತುದಿಗೆ ಹಿತ್ತಾಳೆಯ ಥ್ರೆಡ್, ಜೊತೆಗೆ ಜೋಡಿ ಸುರುಳಿಯ ಕೊಕ್ಕೆ ಒಂದು, 4 ಇಂಚಿನ ರಬ್ಬರ್ ತಟ್ಟೆ ಒಂದು. ಇಷ್ಟಿದ್ದರೆ ಸಾಕು. ಬಿದಿರಿನ ದಬ್ಬೆಗೆ ಎರಡನೇ ಸ್ಥಾನ, ಪ್ರೆಶರ್ ವಾಷರಿಗೆ ಸಿಕ್ಕಿಸುವ ಜೆಟ್ ಪೈಪಿಗೆ ಮೂರನೆಯದು. ಸ್ಪ್ರಿಂಗ್ ವೈರು ಈ ಕೆಲಸಕ್ಕೆ ಹೇಳಿದ್ದಲ್ಲ. ಕಟ್ಟಿದ ಪೈಪಿಗೆ ಸುರಿಯುವ ಪುಡಿ, ಆಸಿಡ್ಡು ಮನೆಯೊಳಗೇ ಬರಬಾರದು.

ಸಿಂಕಿನ ಕೆಳಗೆ ಕಟ್ಟುವುದು ಜಿಡ್ಡು, ಕೂದಲು. ಹೊರಗಿನ ಲೈನಿನಲ್ಲಿ ಕಟ್ಟುವುದು ಗಟ್ಟಿ ಸಾಮಾನು: ಅಂಗಳ ತೊಳೆದ ಮರಳು, ಪಾತ್ರೆ ಉಜ್ಜಿದ ತೆಂಗಿನ ನಾರು, ಶಾಂಪೂ ಪ್ಯಾಕೆಟ್ಟಿನ ತುಂಡು, ಪ್ಯಾಡು, ವೈಪ್ಸು, ನೆಲ ಒರೆಸುವ ಬಟ್ಟೆಯ ಚೂರು, ಹಳೇ ಮನೆಯಾದರೆ ಮರದ ಬೇರು. ಇವುಗಳ ಸಂದಿಗೆ ಜಿಡ್ಡು ಮೆತ್ತಿಕೊಂಡು ಗಟ್ಟಿಯಾಗುತ್ತದೆ. ಇದು ಕರಗುವ ವಸ್ತುವಲ್ಲ. ಮುಂದಕ್ಕೆ ತಳ್ಳಿದರೆ ಮುಂದೆ ಎಲ್ಲೋ ಇನ್ನೂ ಆಳದಲ್ಲಿ ಕೂರುತ್ತದೆ. ಎಳೆದು ಆಚೆ ಹಾಕಬೇಕು. ಹಾಗಾಗಿ ಹೋಲಿಸಬೇಕಾದ್ದು ಒಂದೇ ಗುಣ, ಎಳೆಯುವ ತಾಕತ್ತು ಯಾವುದಕ್ಕಿದೆ ಅನ್ನುವುದು.

ಏನನ್ನಾದರೂ ಕೊಳ್ಳುವ ಮುಂಚೆ

ಗಲ್ಲಿ ಟ್ರ್ಯಾಪ್ ನೋಡಿ. ಅಡುಗೆಮನೆಯ ಪೈಪು ಹೊರಗೋಡೆಯಿಂದ ಇಳಿದು ನೆಲಕ್ಕೆ ಸೇರುವ ಕಡೆ, ಮೇಲೆ ಜಾಲರಿ ಹಾಕಿದ ಚಿಕ್ಕ ಗುಂಡಿ ಇರುತ್ತದಲ್ಲ, ಅದೇ. ವಾಸನೆ ತಡೆಯಲು ಅದರ ಬಾಗಿನಲ್ಲಿ ಯಾವಾಗಲೂ ನೀರು ನಿಂತಿರುತ್ತದೆ. ಅನ್ನದ ಅಗುಳು, ಕಾಫಿ ಗಸಿ, ಬಿಳಿ ಜಿಡ್ಡು ಎಲ್ಲ ಅಲ್ಲೇ ತಳ ಹಿಡಿಯುತ್ತದೆ. ಅಡುಗೆಮನೆ ನೀರು ಮಾತ್ರ ನಿಂತು ಬಚ್ಚಲು, ಕಕ್ಕಸಿನ ನೀರು ಸರಾಗವಾಗಿ ಹೋಗುತ್ತಿದ್ದರೆ ತಪ್ಪಿತಸ್ಥ ಬಹುಮಟ್ಟಿಗೆ ಇದೇ. ಮೊಣಕೈವರೆಗಿನ ರಬ್ಬರ್ ಗ್ಲೋವ್ಸ್ ಹಾಕಿಕೊಂಡು, ಹಳೇ ಸೌಟಿನಲ್ಲಿ ಗಸಿ ಮೊಗೆದು, ಎರಡು ಬಕೆಟ್ ನೀರು ರಭಸವಾಗಿ ಸುರಿದರೆ ಕೆಲಸ ಮುಗಿಯಿತು. ಒಂದು ರೂಪಾಯಿ ಖರ್ಚಿಲ್ಲ.

ಎಲ್ಲ ಕಡೆಯೂ ನೀರು ನಿಂತಿದ್ದರೆ ಚೇಂಬರ್ ಮುಚ್ಚಳ ತೆಗೆಯಬೇಕು. ಕಾಂಕ್ರೀಟ್ ಮುಚ್ಚಳದ ಅಂಚಿಗೆ ಸಿಮೆಂಟ್ ಹಚ್ಚಿದ್ದರೆ ಉಳಿಯಿಂದ ಸುತ್ತ ಬಿಡಿಸಿಕೊಂಡು, ಹಾರೆಯಿಂದ ಒಂದು ಬದಿ ಎತ್ತಿ, ಕೆಳಗೆ ಇಟ್ಟಿಗೆ ಕೊಡಿ. ಬೆರಳು ಕೊಡಬೇಡಿ. ಬೀದಿ ಕಡೆಯ ಕೊನೇ ಚೇಂಬರಿನಿಂದ ಶುರುಮಾಡಿ ಒಳಗೆ ಬನ್ನಿ. ಒಂದು ಚೇಂಬರ್ ಖಾಲಿ, ಅದರ ಹಿಂದಿನದು ತುಂಬಿದೆ ಎಂದಾದರೆ ಕಟ್ಟಿರುವುದು ಆ ಎರಡರ ನಡುವಿನ ಪೈಪಿನಲ್ಲಿ. ಕೊನೇದೂ ತುಂಬಿದ್ದರೆ ತೊಂದರೆ ಇರುವುದು ನಿಮ್ಮ ಮನೆಯಿಂದ ರಸ್ತೆಗೆ ಹೋಗುವ ತುಂಡಿನಲ್ಲಿ ಅಥವಾ ರಸ್ತೆಯ ಮ್ಯಾನ್‌ಹೋಲಿನಲ್ಲಿ. ಪಕ್ಕದ ಮನೆಯಲ್ಲೂ ನೀರು ನಿಂತಿದೆಯಾ ಎಂದು ಕೇಳಿ. ನಿಂತಿದ್ದರೆ ರಾಡು ಮುಟ್ಟಬೇಡಿ, ಅದು ನಿಮ್ಮ ಕೆಲಸವಲ್ಲ. ಬೆಂಗಳೂರಿನಲ್ಲಾದರೆ ಜಲಮಂಡಳಿಯ 1916ಕ್ಕೆ ಫೋನ್ ಮಾಡಿ, ಜೆಟ್ಟಿಂಗ್ ಯಂತ್ರ ಕಳಿಸಿ ಎಂದು ಕೇಳಿ.

ಮುಚ್ಚಳ ತೆಗೆದ ಕೂಡಲೇ ಬಗ್ಗಬೇಡಿ. ಒಂದು ಕಾಲು ಗಂಟೆ ಗಾಳಿಯಾಡಲಿ. ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ. ಕೈಯಲ್ಲಿ ಗಾಯವಿದ್ದರೆ ಇನ್ನೊಬ್ಬರಿಗೆ ಬಿಡಿ. ಚರಂಡಿಯಲ್ಲಿ ಇಲಿ ಓಡಾಡುತ್ತವೆ, ಇಲಿಜ್ವರ ಬರುವುದು ಅದರ ಮೂತ್ರ ಬೆರೆತ ನೀರಿನಿಂದ.

ರಾಡು

ರಾಡನ್ನು ಖಾಲಿ ಚೇಂಬರಿನಿಂದ ಮೇಲ್ಮುಖವಾಗಿ, ಅಂದರೆ ನೀರು ಬರುವ ದಿಕ್ಕಿಗೆ ಎದುರಾಗಿ ಹಾಕುವುದು ನನ್ನ ಪದ್ಧತಿ. ಬಹಳ ಜನ ತುಂಬಿದ ಚೇಂಬರಿಗೇ ಇಳಿಸುತ್ತಾರೆ. ಅಲ್ಲಿ ಪೈಪಿನ ಬಾಯಿ ಕಾಣಿಸುವುದಿಲ್ಲ, ಕೊಳಚೆಯೊಳಗೆ ತಡಕಾಡಬೇಕು, ಸಿಕ್ಕರೂ ಕಸವನ್ನು ಮುಂದಕ್ಕೆ ತಳ್ಳಿದ ಹಾಗಾಗುತ್ತದೆ. ಖಾಲಿ ಕಡೆಯಿಂದ ಹೋದರೆ ಬಾಯಿ ಕಣ್ಣೆದುರಿಗಿರುತ್ತದೆ, ಎಳೆದದ್ದೆಲ್ಲ ನಿಮ್ಮ ಚೇಂಬರಿಗೇ ಬಂದು ಬೀಳುತ್ತದೆ. ಆ ಚೇಂಬರಿನಿಂದ ಹೊರಹೋಗುವ ಪೈಪಿಗೆ ಮೊದಲೇ ಒಂದು ತುಂಡು ಕೋಳಿ ಜಾಲರಿಯನ್ನು ಮಡಿಸಿ ಒತ್ತಿಡಿ. ಕಸ ಅಲ್ಲೇ ನಿಲ್ಲುತ್ತದೆ, ನೀರು ಹೋಗುತ್ತದೆ. ಇದನ್ನು ಮರೆತರೆ ಇವತ್ತಿನ ಬ್ಲಾಕು ನಾಳೆ ರಸ್ತೆ ಕಡೆಯ ಪೈಪಿನಲ್ಲಿ ಸಿಗುತ್ತದೆ.

ಮೊದಲು ಜೋಡಿ ಸುರುಳಿಯ ಕೊಕ್ಕೆ. ಮೂರು ರಾಡು ಜೋಡಿಸಿ ಒಳಗೆ ಬಿಟ್ಟು, ಆಮೇಲೆ ಒಂದೊಂದಾಗಿ ಸೇರಿಸುತ್ತಾ ಹೋಗಿ. ತಡೆ ಸಿಕ್ಕಿದ ಕಡೆ ಗುದ್ದಬೇಡಿ. ಮೆಲ್ಲಗೆ ಒತ್ತುತ್ತಾ ನಾಲ್ಕೈದು ಸುತ್ತು ತಿರುಗಿಸಿ, ಕೊಕ್ಕೆ ಬಟ್ಟೆಯನ್ನೋ ನಾರನ್ನೋ ಸುತ್ತಿಕೊಳ್ಳುತ್ತದೆ, ಕೈಗೆ ಭಾರ ಗೊತ್ತಾಗುತ್ತದೆ. ಆಗ ಅರ್ಧ ಮೀಟರ್ ಎಳೆದು ನೋಡಿ. ಬಂದರೆ ಪೂರ್ತಿ ಎಳೆಯಿರಿ. ಬ್ಲಾಕು ಬಿಟ್ಟಾಗ ಹಿಂದೆ ನಿಂತ ನೀರೆಲ್ಲ ಒಮ್ಮೆಲೇ ನುಗ್ಗುತ್ತದೆ, ಆದ್ದರಿಂದ ಪೈಪಿನ ಬಾಯಿಗೆ ನೇರವಾಗಿ ಮುಖವಿಟ್ಟು ಕೂರಬಾರದು, ಪಕ್ಕಕ್ಕೆ ಕೂರಬೇಕು. ನೀರು ಹರಿದ ಮೇಲೆ ಕೊಕ್ಕೆ ತೆಗೆದು ರಬ್ಬರ್ ತಟ್ಟೆ ಹಾಕಿ ಎರಡು ಸಲ ಉದ್ದಕ್ಕೂ ಎಳೆದರೆ ತಳದಲ್ಲಿ ಉಳಿದ ಮರಳು ಬರುತ್ತದೆ. ಮೇಲಿನ ಚೇಂಬರಿನಿಂದ ನಾಲ್ಕೈದು ಬಕೆಟ್ ನೀರು ಒಟ್ಟಿಗೆ ಸುರಿಯಿರಿ. ಕೊನೆಗೆ ಜಾಲರಿ ತೆಗೆಯಿರಿ.

30×40 ಸೈಟಿನ ಮನೆಗೆ ಹತ್ತು ರಾಡು ಧಾರಾಳ. ಸೈಟಿನ ಉದ್ದವೇ 12 ಮೀಟರು, ನಡುವೆ ತಿರುವಿಗೊಂದು ಚೇಂಬರ್ ಇರುತ್ತದೆ.

ಈಗ ರಾಡಿನ ಒಂದೇ ಒಂದು ಕಾಟ. ಇದನ್ನು ಸರಿಯಾಗಿ ತಿಳಿದುಕೊಳ್ಳದೆ ಕೊಂಡರೆ ರಾಡಿನಷ್ಟು ಕೆಟ್ಟದ್ದು ಇನ್ನೊಂದಿಲ್ಲ, ಹಾಗಾಗಿ ವಿವರವಾಗಿಯೇ ಬರೆಯುತ್ತೇನೆ. ಎಡಕ್ಕೆ ತಿರುಗಿಸಿದರೆ ಜಾಯಿಂಟು ಬಿಚ್ಚಿಕೊಳ್ಳುತ್ತದೆ. ಬಿಚ್ಚುವುದು ಕೈಗೆ ಹತ್ತಿರದ ಜಾಯಿಂಟಲ್ಲ, ಒಳಗೆ ಎಲ್ಲೋ ಸಡಿಲವಾಗಿರುವ ಜಾಯಿಂಟು. ಮೇಲಿನಿಂದ ಏನೂ ಗೊತ್ತಾಗುವುದಿಲ್ಲ. ಎಳೆದಾಗ ಹಗುರವಾಗಿ ಬರುತ್ತದೆ, ಎಣಿಸಿದರೆ ಎಂಟರಲ್ಲಿ ಐದೇ ಇರುತ್ತವೆ. ಇನ್ನು ಮೂರು ರಾಡು ಕೊಕ್ಕೆಯ ಸಮೇತ ಪೈಪಿನೊಳಗೆ.

ಬಲಕ್ಕೇ ತಿರುಗಿಸಬೇಕು ಎಂದು ಎಲ್ಲರಿಗೂ ಗೊತ್ತು. ಆದರೂ ಬಿಚ್ಚಿಕೊಳ್ಳುವುದು ಮೂರು ಕಾರಣಕ್ಕೆ. ಕೊಕ್ಕೆ ಸಿಕ್ಕಿಹಾಕಿಕೊಂಡಾಗ, ಬಂದ ದಾರಿಯಲ್ಲೇ ಹಿಂದಕ್ಕೆ ತಿರುಗಿಸಿ ಬಿಡಿಸೋಣ ಎಂದು ಕೈ ತಾನಾಗಿ ಎಡಕ್ಕೆ ಹೋಗುತ್ತದೆ. ಇದು ಮೊದಲನೆಯದು. ಎರಡನೆಯದು ಪ್ಲಾಸ್ಟಿಕ್ಕಿನ ಗುಣ. ತುದಿ ಸಿಕ್ಕಿಕೊಂಡಿರುವಾಗ ಇತ್ತ ತಿರುಗಿಸುತ್ತಲೇ ಇದ್ದರೆ ರಾಡು ಹಿಂಡಿದ ಪಂಚೆಯ ಹಾಗೆ ಮುರುಚಿಕೊಳ್ಳುತ್ತದೆ. ದಣಿವಾರಿಸಿಕೊಳ್ಳಲು ಕೈಬಿಟ್ಟ ಕ್ಷಣ ಅದು ತನ್ನಷ್ಟಕ್ಕೆ ಎಡಕ್ಕೆ ಗಿರ್ರನೆ ತಿರುಗಿ ಜಾಯಿಂಟು ಸಡಿಲಿಸುತ್ತದೆ. ಮೂರನೆಯದು ಸಹಾಯಕ್ಕೆ ನಿಂತವರು. ಚೇಂಬರಿನ ಆಚೆ ಬದಿಯಲ್ಲಿ ನಿಮಗೆ ಎದುರಾಗಿ ನಿಂತವರ ಬಲ ನಿಮಗೆ ಎಡ. ಅವರು ಸರಿಯಾಗಿಯೇ ತಿರುಗಿಸುತ್ತಿದ್ದೇನೆ ಎಂದುಕೊಂಡು ಬಿಚ್ಚುತ್ತಿರುತ್ತಾರೆ.

ದಿಕ್ಕು ತಪ್ಪದಿರಲು ಬಲಗೈಯನ್ನೇ ಗುರುತು ಮಾಡಿಕೊಳ್ಳಿ. ಹೆಬ್ಬೆರಳು ಪೈಪಿನ ಕಡೆ ಬರುವಂತೆ ರಾಡು ಹಿಡಿದರೆ ಉಳಿದ ನಾಲ್ಕು ಬೆರಳು ಯಾವ ಕಡೆಗೆ ಸುತ್ತಿಕೊಂಡಿವೆಯೋ ಆ ಕಡೆಗೇ ತಿರುಗಿಸಬೇಕು. ಯಾವ ಬದಿಯಲ್ಲಿ ನಿಂತರೂ ಇದು ಬದಲಾಗುವುದಿಲ್ಲ. ಒಳಗೆ ತಳ್ಳುವಾಗಲೂ ಇದೇ ದಿಕ್ಕು, ಹೊರಗೆ ಎಳೆಯುವಾಗಲೂ ಇದೇ ದಿಕ್ಕು. ಪ್ರತಿ ಜಾಯಿಂಟಿನ ಥ್ರೆಡ್ಡನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಕೈಯಲ್ಲಿ ಬಿಗಿ ಮಾಡಿ, ಆಮೇಲೆ ಇಕ್ಕಳದಲ್ಲಿ ಕಾಲು ಸುತ್ತು ಬಿಗಿಯಿರಿ. ಒಂದೇ ಒಂದು ಮರಳ ಕಣ ಥ್ರೆಡ್ಡಿನಲ್ಲಿದ್ದರೆ ಬಿಗಿಯಾದಂತೆ ಕಾಣುತ್ತದೆ, ಆಗಿರುವುದಿಲ್ಲ. ಜಾಯಿಂಟಿನ ಮೇಲೆ ಕರೆಂಟಿನ ಕಪ್ಪು ಟೇಪನ್ನು ಮೂರು ಸುತ್ತು ಎಳೆದು ಸುತ್ತಿದರೆ ಇನ್ನೂ ಒಳ್ಳೆಯದು. ಮುರುಚು ಬಂದಿದೆ ಅನ್ನಿಸಿದಾಗ ಕೈಬಿಡಬೇಡಿ, ಹಿಡಿತ ಬಿಡದೆ ಸ್ವಲ್ಪ ಹಿಂದಕ್ಕೆ ಎಳೆಯಿರಿ, ಕೊಕ್ಕೆ ಸಡಿಲವಾಗಿ ಮುರುಚು ಮುಂದಿನ ತುದಿಯಿಂದಲೇ ಇಳಿಯುತ್ತದೆ. ಒಳಗೆ ಹೋದ ರಾಡುಗಳ ಲೆಕ್ಕವನ್ನು ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಟು ಹಾಕಿ ಬರೆದಿಡಿ.

ಅಷ್ಟಾಗಿಯೂ ಒಳಗೆ ಉಳಿದರೆ? ಉಳಿದ ರಾಡನ್ನು ಬರಿತುದಿಯಲ್ಲೇ ಮತ್ತೆ ಒಳಗೆ ಬಿಟ್ಟು, ತಗಲಿದ ಕಡೆ ಮೆಲ್ಲಗೆ ಬಲಕ್ಕೆ ತಿರುಗಿಸಿ. ಥ್ರೆಡ್ಡು ಕಚ್ಚಿಕೊಂಡರೆ ಪುಣ್ಯ. ಇಲ್ಲದಿದ್ದರೆ ಮೇಲಿನ ಚೇಂಬರಿನ ನೀರು ಮೊಗೆದು ತೆಗೆದು, ಆ ಕಡೆಯಿಂದ ರಬ್ಬರ್ ತಟ್ಟೆ ಸಿಕ್ಕಿಸಿದ ರಾಡಿನಿಂದ ತಳ್ಳಿ ಕೆಳಗಿನ ಚೇಂಬರಿಗೆ ತನ್ನಿ. 4 ಇಂಚಿನ ನೇರ ಪೈಪಿನಲ್ಲಿ ಇದು ಸಾಧ್ಯ. ನಡುವೆ ಬೆಂಡ್ ಇದ್ದರೆ ಬಲು ಕಷ್ಟ. ನೆಲದಡಿಯಲ್ಲಿ ಚೇಂಬರ್ ಇಲ್ಲದೆ ಬೆಂಡ್ ಹಾಕಿರುವ ಮನೆಗೆ ರಾಡು ಕೊಳ್ಳುವ ಮುಂಚೆ ಎರಡು ಸಲ ಯೋಚಿಸಿ.

ಇಷ್ಟೆಲ್ಲ ಇದ್ದೂ ರಾಡೇ ಮೇಲು ಅನ್ನುವುದಕ್ಕೆ ಇನ್ನೊಂದು ಕಾರಣ, ಅದು ದೂರ ಹೇಳುತ್ತದೆ. ಐದನೇ ರಾಡು ಅರ್ಧ ಹೋದಾಗ ತಡೆ ಸಿಕ್ಕಿದರೆ ಬ್ಲಾಕು ನಾಲ್ಕೂವರೆ ಮೀಟರಿನಲ್ಲಿದೆ. ಪ್ರತಿ ವರ್ಷ ಅದೇ ನಾಲ್ಕೂವರೆಯಲ್ಲಿ ಸಿಗುತ್ತಿದ್ದರೆ ಅಲ್ಲಿ ಪೈಪು ಒಡೆದಿದೆ ಅಥವಾ ಬೇರು ಒಳಗೆ ಬಂದಿದೆ. ಬೇರೆ ಯಾವ ಸಾಧನವೂ ಇದನ್ನು ಇಷ್ಟು ಸಲೀಸಾಗಿ ತಿಳಿಸುವುದಿಲ್ಲ.

ಹಳೇ ಮನೆಗಳ ಕೊನೇ ಚೇಂಬರಿನಲ್ಲಿ ಇಂಟರ್‌ಸೆಪ್ಟರ್ ಟ್ರ್ಯಾಪ್ ಇರುತ್ತದೆ, ಅಂದರೆ ರಸ್ತೆ ಚರಂಡಿಯ ಅನಿಲ ಮನೆ ಕಡೆ ಬಾರದಂತೆ ನೀರು ನಿಲ್ಲಿಸುವ ಬಾಗು. ಅದರ ಬಾಗಿನಲ್ಲಿ ರಾಡು ತೂರುವುದಿಲ್ಲ. ಬಾಗಿನ ಮೇಲುಗಡೆ ಒಂದು ಬಿರಡೆ ಇರುತ್ತದೆ, ಅದನ್ನು ತೆಗೆದು ಆ ಕಿಂಡಿಯಿಂದ ರಸ್ತೆ ಕಡೆಗೆ ರಾಡು ಹಾಕಿ, ಆಮೇಲೆ ಮರೆಯದೆ ಮುಚ್ಚಿ.

ಬಿದಿರಿನ ದಬ್ಬೆ

ಕಡಿಮೆ ದುಡ್ಡಿಗೆ ಇದನ್ನು ಮೀರಿಸುವುದು ಇನ್ನೊಂದಿಲ್ಲ. ಒಂದೇ ತುಂಡು, ಜಾಯಿಂಟಿಲ್ಲ, ಬಿಚ್ಚಿಕೊಳ್ಳುವ ಭಯವಿಲ್ಲ. ಬೆಂಗಳೂರಿನಲ್ಲಾಗಲಿ ಮೈಸೂರಿನಲ್ಲಾಗಲಿ ಬಂಬೂ ಬಜಾರಿಗೆ ಹೋದರೆ ಬೇಕಾದಷ್ಟು ಅಗಲಕ್ಕೆ ಸೀಳಿಕೊಡುತ್ತಾರೆ. ಒಂದೂವರೆ ಇಂಚು ಅಗಲದ, 15ರಿಂದ 20 ಅಡಿಯ ಹಸಿ ಬಿದಿರಿನ ದಬ್ಬೆ ಕೇಳಿ. ಒಣಗಿದ್ದು ಚೇಂಬರಿನ ಬಾಗಿನಲ್ಲೇ ಸೀಳುತ್ತದೆ. ಗೆಣ್ಣುಗಳನ್ನು ಕತ್ತಿಯಿಂದ ಸವರಿಸಿ, ಇಲ್ಲವಾದರೆ ಪೈಪಿನ ಜಾಯಿಂಟಿಗೆ ತಗಲಿ ನಿಲ್ಲುತ್ತದೆ.

ಇದರ ಸೋಲು ಇರುವುದು ಎಳೆಯುವುದರಲ್ಲಿ. ದಬ್ಬೆ ಚುಚ್ಚುತ್ತದೆ ಅಷ್ಟೇ, ಹಿಡಿಯುವುದಿಲ್ಲ. ಬ್ಲಾಕಿನ ನಡುವೆ ಒಂದು ತೂತಾಗಿ ನೀರು ಸುರ್ ಎಂದು ಇಳಿಯುತ್ತದೆ, ಮನೆಮಂದಿಗೆಲ್ಲ ಸಮಾಧಾನವಾಗುತ್ತದೆ. ಗೋಡೆಗೆ ಮೆತ್ತಿಕೊಂಡದ್ದು ಅಲ್ಲೇ ಇದ್ದು ಸ್ವಲ್ಪ ದಿನಕ್ಕೆ ಮತ್ತೆ ಕಟ್ಟುತ್ತದೆ. ತುದಿಗೆ ಗೋಣಿ ಉಂಡೆ ಕಟ್ಟಿ ತಳ್ಳುವವರಿದ್ದಾರೆ. ಆ ಉಂಡೆ ಕಳಚಿಕೊಂಡರೆ ಪೈಪಿನಲ್ಲಿ ಎರಡು ಬ್ಲಾಕು. ಕಟ್ಟಲೇಬೇಕೆಂದರೆ ದಬ್ಬೆಗೆ ತೂತು ಕೊರೆದು ಬೈಂಡಿಂಗ್ ವೈರಿನಲ್ಲಿ ಹೊಲಿದು ಕಟ್ಟಿ, ಸೆಣಬಿನ ದಾರ ಬೇಡ.

ಸ್ಪ್ರಿಂಗ್ ವೈರು

ಹಿಡಿಕೆ ತಿರುಗಿಸುವ 5 ಮೀಟರಿನ ಸ್ಪ್ರಿಂಗು ಸಿಂಕಿನ ಒಂದೂವರೆ, 2 ಇಂಚಿನ ಪೈಪಿಗೆ ಬಹಳ ಒಳ್ಳೆಯದು, ಬೆಂಡುಗಳಲ್ಲಿ ಸಲೀಸಾಗಿ ತಿರುಗುತ್ತದೆ. 4 ಇಂಚಿನ ಪೈಪಿಗೆ ಹಾಕಿದರೆ ಒಳಗೆ ಜಾಗ ಹೆಚ್ಚಾಗಿ ತನ್ನ ಮೇಲೆ ತಾನೇ ಸುತ್ತಿಕೊಳ್ಳುತ್ತದೆ. ಇತ್ತ 5 ಮೀಟರೂ ಒಳಗೆ ಹೋಗಿರುತ್ತದೆ, ತುದಿ ಎರಡು ಮೀಟರಿನಲ್ಲೇ ಇರುತ್ತದೆ. ಹೊರಗಿನ ಲೈನಿಗೆಂದು ಇದನ್ನು ಕೊಳ್ಳಬೇಡಿ.

ಜೆಟ್ ಪೈಪು

ಕಾರು ತೊಳೆಯುವ ಪ್ರೆಶರ್ ವಾಷರ್ ಮನೆಯಲ್ಲಿದ್ದರೆ ಅದಕ್ಕೆ 10 ಅಥವಾ 15 ಮೀಟರಿನ ತೆಳು ಪೈಪು, ಹಿಂದಕ್ಕೆ ನೀರು ಚಿಮ್ಮುವ ನಾಜಲ್ ಸಿಗುತ್ತದೆ. ಹಿಂದಕ್ಕೆ ಚಿಮ್ಮುವ ನೀರೇ ಪೈಪನ್ನು ಮುಂದಕ್ಕೆ ಎಳೆದುಕೊಂಡು ಹೋಗುತ್ತದೆ. ಅಡುಗೆಮನೆ ಲೈನಿನ ಗಟ್ಟಿ ಜಿಡ್ಡಿಗೆ ಇದರಷ್ಟು ಚೊಕ್ಕ ಕೆಲಸ ರಾಡಿನಿಂದಲೂ ಆಗುವುದಿಲ್ಲ, ಅದನ್ನು ಒಪ್ಪಬೇಕು. ಕೊಳವೆಬಾವಿಯ ಗಡಸು ನೀರು ಮತ್ತು ಸೋಪು ಸೇರಿ ಆಗುವ ಬಿಳೀ ಪದರವನ್ನು ಕೆರೆದು ತೆಗೆಯುತ್ತದೆ.

ಆದರೆ ಒತ್ತಡ ಹೆಚ್ಚು, ನೀರು ಕಡಿಮೆ. ಮನೆಬಳಕೆಯ ವಾಷರ್ 100 ಬಾರ್ ಮೀರಿದ ಒತ್ತಡ ಕೊಟ್ಟರೂ ನಿಮಿಷಕ್ಕೆ ಬಿಡುವುದು 6–7 ಲೀಟರ್. 4 ಇಂಚಿನ ಪೈಪಿನ ತಳದಲ್ಲಿ ಕೂತ ಮರಳನ್ನು ಸಾಗಿಸಲು ಅದು ಸಾಲದು, ಕಲಕಿ ಅಲ್ಲೇ ಬಿಡುತ್ತದೆ. ಬಟ್ಟೆ, ಬೇರಿಗೆ ಏನೂ ಆಗುವುದಿಲ್ಲ. ಹಳೇ ಸ್ಟೋನ್‌ವೇರ್ (ಸುಟ್ಟ ಮಣ್ಣಿನ) ಪೈಪಿನಲ್ಲಿ ಎರಡು ಮೂರು ಅಡಿಗೊಂದು ಸಿಮೆಂಟ್ ಜಾಯಿಂಟು ಇರುತ್ತದೆ, ಸಡಿಲಾದ ಗಾರೆಯನ್ನು ಜೆಟ್ಟು ಎಬ್ಬಿಸಿಬಿಡಬಹುದು. ಪಿವಿಸಿ ಲೈನಿಗೆ ಮಾತ್ರ ಬಳಸಿ. ನಾಜಲ್ ಒಂದಡಿ ಒಳಗೆ ಹೋದ ಮೇಲೆಯೇ ಮೋಟರ್ ಹಾಕಿ. ಪೈಪಿನ ಕೊನೆಯ ಒಂದು ಮೀಟರಿಗೆ ಕೆಂಪು ಟೇಪು ಸುತ್ತಿಟ್ಟರೆ ಹೊರಗೆ ಎಳೆಯುವಾಗ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುತ್ತದೆ. ತಪ್ಪಿದರೆ ಕೊಳಚೆ ಮುಖಕ್ಕೇ.

ವಾಷರ್ ಮೊದಲೇ ಇದ್ದವರಿಗೆ ಪೈಪು ಮಾತ್ರದ ಖರ್ಚು. ಇದಕ್ಕೋಸ್ಕರವೇ 5ರಿಂದ 10 ಸಾವಿರದ ವಾಷರ್ ಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಪುಡಿ ಮತ್ತು ಆಸಿಡ್

ಲೆಕ್ಕ ಹಾಕಿ ನೋಡಿ. ಒಂದೂವರೆ ಅಡಿ ಚದರದ ಚೇಂಬರಿನಲ್ಲಿ 2 ಅಡಿ ನೀರು ನಿಂತಿದ್ದರೆ ಸುಮಾರು 127 ಲೀಟರ್. 6 ಮೀಟರ್ ಪೈಪಿನಲ್ಲಿ ಇನ್ನೊಂದು 49. ಈ 175 ಲೀಟರಿಗೆ 50 ಗ್ರಾಮಿನ ಕಾಸ್ಟಿಕ್ ಪುಡಿಯ ಪ್ಯಾಕೆಟ್ ಸುರಿದರೆ ನೂರಕ್ಕೆ ಸೊನ್ನೆ ಬಿಂದು ಸೊನ್ನೆ ಮೂರರಷ್ಟು ಬಲದ ದ್ರಾವಣ. ಜಿಡ್ಡು ಕರಗಲು ಬೇಕಾದ ಬಿಸಿಯೂ ಇಲ್ಲ, ಖಾರವೂ ಇಲ್ಲ. ಹೆಚ್ಚು ಸುರಿದರೆ ಪುಡಿ ತಳದಲ್ಲಿ ಕಲ್ಲಾಗಿ ಕೂರುತ್ತದೆ.

ಆಸಿಡ್ಡು ಇನ್ನೂ ಕೆಟ್ಟದ್ದು. ಅದು ಬಟ್ಟೆ, ಮರಳನ್ನು ಬಿಟ್ಟು ಸ್ಟೋನ್‌ವೇರ್ ಜಾಯಿಂಟಿನ ಸಿಮೆಂಟನ್ನೂ ಚೇಂಬರಿನ ಗಾರೆಯನ್ನೂ ತಿನ್ನುತ್ತದೆ. ಆ ಬಿರುಕಿನಿಂದಲೇ ಮುಂದೆ ಬೇರು ಒಳಗೆ ಬರುವುದು. ಆಸಿಡ್ ಹಾಕಿದ ಚೇಂಬರಿಗೆ ವಾಸನೆ ಹೋಗಲೆಂದು ಬ್ಲೀಚಿಂಗ್ ಪೌಡರ್ ಹಾಕಿದರೆ ಕ್ಲೋರಿನ್ ಅನಿಲ ಏಳುತ್ತದೆ, ಪ್ರಾಣಕ್ಕೇ ಸಂಚಕಾರ. ಇದೆಲ್ಲದರ ಮೇಲೆ, ಪುಡಿ ಸುರಿದು ಸೋತ ಮೇಲೆ ಯಾರನ್ನೋ ಕರೆಸುತ್ತೀರಿ, ಅವರು ಆ ನೀರಿಗೆ ಕೈ ಹಾಕುತ್ತಾರೆ. ಏನು ಹಾಕಿದ್ದೀರಿ ಎಂದು ಅವರಿಗೆ ಹೇಳದಿರುವುದು ದೊಡ್ಡ ಅನ್ಯಾಯ.

ಕುದಿಯುವ ನೀರು ಪಿವಿಸಿಯನ್ನು ಮೆತ್ತಗಾಗಿಸುತ್ತದೆ, ಬೇಡ. ಸೋಡಾ ಮತ್ತು ವಿನೆಗರ್ ಬರೀ ನೊರೆ. ಬ್ಯಾಕ್ಟೀರಿಯಾ ದ್ರಾವಣ ತೆರೆದಿರುವ ಲೈನಿಗೆ ಸರಿ, ಕಟ್ಟಿದ ಲೈನಿಗಲ್ಲ.

ಸಕ್ಕಿಂಗ್ ಲಾರಿ ಕರೆಸಬಹುದಲ್ಲ ಎಂದರೆ, ಅದು ಚೇಂಬರಿನ ನೀರು ಎಳೆಯುತ್ತದೆ, ಪೈಪಿನೊಳಗಿನ ಬಟ್ಟೆ ಅಲ್ಲೇ ಇರುತ್ತದೆ. ಯಾರನ್ನೇ ಕರೆಸಿ, ಮನುಷ್ಯರನ್ನು ಮ್ಯಾನ್‌ಹೋಲಿಗೋ ಪಿಟ್ಟಿಗೋ ಇಳಿಸಬೇಡಿ. ಅವರೇ ಇಳಿಯುತ್ತೇನೆಂದರೂ ಬೇಡ. ಹಾಗೆ ಇಳಿಸಿ ಶುಚಿ ಮಾಡಿಸುವುದು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ. ಅಲ್ಲಿನ ಅನಿಲಕ್ಕೆ ಎರಡು ಉಸಿರು ಸಾಕು.

ಯಾರಿಗೆ ಯಾವುದು

ಸ್ವಂತ ಮನೆ, ಓಣಿಯಲ್ಲಿ ಚೇಂಬರುಗಳು ಕೈಗೆ ಸಿಗುವಂತಿವೆ, ವರ್ಷಕ್ಕೊಮ್ಮೆಯಾದರೂ ಕಟ್ಟುತ್ತದೆ ಎನ್ನುವವರು ಕಣ್ಣುಮುಚ್ಚಿ ರಾಡು ತೆಗೆದುಕೊಳ್ಳಿ. ಅಕ್ಕಪಕ್ಕದ ಮೂರು ಮನೆಯವರು ಸೇರಿ ಒಂದು ಸೆಟ್ ಕೊಂಡರೆ ಇನ್ನೂ ಚೆನ್ನ, ದಿನಾ ಬೇಕಾದ ವಸ್ತುವಲ್ಲ ಅದು. ಕೊಳ್ಳುವಾಗ ಅಂಗಡಿಯಲ್ಲೇ ಎರಡು ರಾಡು ಜೋಡಿಸಿ ಬಗ್ಗಿಸಿ ನೋಡಿ. ಹಿತ್ತಾಳೆಯ ತುದಿ ಪ್ಲಾಸ್ಟಿಕ್ಕಿನಲ್ಲಿ ಅಲುಗಾಡಿದರೆ ಬಿಟ್ಟು ಬನ್ನಿ. ಕಬ್ಬಿಣದ ರಾಡು ಕೊಡುತ್ತಾರೆ, ಗಟ್ಟಿಯೇನೋ ಹೌದು, ಆದರೆ ಎರಡೂವರೆ ಅಡಿ ಆಳದ ಚೇಂಬರಿನಲ್ಲಿ ಬಾಗಿ ಪೈಪಿಗೆ ಹೋಗುವುದಿಲ್ಲ. ಬಾಡಿಗೆ ಮನೆಯವರಿಗೆ ದಬ್ಬೆ ಸಾಕು, ಕೆಲಸ ಮುಗಿದ ಮೇಲೆ ತೊಳೆದು ನೆರಳಲ್ಲಿ ಮಲಗಿಸಿಡಿ.

ಮುಚ್ಚಳ ಹಾಕುವಾಗ ಅಂಚಿಗೆ ಸಿಮೆಂಟ್ ಬದಲು ದಪ್ಪಗೆ ಗ್ರೀಸ್ ಹಚ್ಚಿ. ಜಿರಳೆ, ವಾಸನೆ ಎರಡೂ ನಿಲ್ಲುತ್ತವೆ, ಮುಂದಿನ ಸಲ ಉಳಿ ಹಿಡಿಯಬೇಕಾಗಿಲ್ಲ. ತಾರಸಿಯ ಮಳೆನೀರಿನ ಪೈಪನ್ನು ಯಾರಾದರೂ ಈ ಚೇಂಬರಿಗೆ ಸೇರಿಸಿದ್ದರೆ ತಪ್ಪಿಸಿ. ಮರಳು, ಎಲೆ ಬರುವುದು ಅದರಿಂದಲೇ, ಬೆಂಗಳೂರಿನಲ್ಲಿ ಹಾಗೆ ಸೇರಿಸುವಂತೆಯೂ ಇಲ್ಲ.

ರಾಡು ಪ್ರತಿ ಸಲ ಒಂದೇ ದೂರದಲ್ಲಿ ನಿಂತು, ಕೊಕ್ಕೆಗೆ ಕಂದು ಬಣ್ಣದ ಕೂದಲಿನಂಥ ಬೇರು ಸುತ್ತಿಕೊಂಡು ಬಂದರೆ ರಾಡಿನ ಕೆಲಸ ಅಲ್ಲಿಗೆ ಮುಗಿಯಿತು. ಅಷ್ಟು ದೂರವನ್ನು ನೆಲದ ಮೇಲೆ ಟೇಪು ಹಿಡಿದು ಅಳೆದು, ಅಲ್ಲಿ ಅಗೆಸಿ, ಆ ಎರಡು ಚೇಂಬರುಗಳ ನಡುವಿನ ಸ್ಟೋನ್‌ವೇರನ್ನು ಪೂರ್ತಿ ತೆಗೆಸಿ 110 ಎಂಎಂ ಪಿವಿಸಿ ಹಾಕಿಸಿ. ಇಳಿಜಾರು 40ಕ್ಕೆ 1, ಅಂದರೆ 6 ಮೀಟರಿಗೆ 15 ಸೆಂಟಿಮೀಟರ್. ಮಣ್ಣು ಮುಚ್ಚುವ ಮೊದಲು ಮೇಲಿನ ಚೇಂಬರಿನಿಂದ ಎರಡು ಬಕೆಟ್ ನೀರು ಬಿಟ್ಟು, ಎಲ್ಲೂ ಜಿನುಗದೆ ಕೆಳಗೆ ಬರುತ್ತದೆಯೇ ಎಂದು ನೀವೇ ನಿಂತು ನೋಡಿ.